ಬಿಟ್ಟ ಸ್ಥಳ

ಬಿಟಿಎಂ ಲೇಔಟ್
4 ಜೂನ್ 2024

ಸರಸ್ವತಿ ಮೇಡಂ ಅವರಿಗೆ ಚನ್ನವೀರನ ನಮಸ್ಕಾರಗಳು.

ನೀವು ರಿಟೈರ್ ಆಗಿ ಎರಡು ವರ್ಷವಾಯಿತು. ಒಂದು ಸಲವೂ ಮನೆ ಕಡೆ ತಲೆ ಹಾಕಲಿಲ್ಲ ಎಂದು ಬೈದುಕೊಂಡಿರುತ್ತೀರಿ. ಈಗ ಕೆಲಸ ಬಿದ್ದಾಗ ನೆನಪಾದೆನಾ ಎಂದೂ ಬೈಯುತ್ತೀರಿ. ಎರಡನ್ನೂ ಒಪ್ಪಿಕೊಂಡು ವಿಷಯಕ್ಕೆ ಬರುತ್ತೇನೆ.

ನಮ್ಮ ಡಯಾಲಿಸಿಸ್ ಸೆಂಟರ್‌ಗಳು ಬಳಸುವ ಡೇಟಾಬೇಸಿನ ಹೊಸ ಆವೃತ್ತಿ ಬಂದು ಬಹಳ ದಿನವಾಗಿದೆ. ನಾವು ಮಾತ್ರ ಹಳೆಯದರಲ್ಲೇ ಕೂತಿದ್ದೇವೆ. ಕಾರಣ ನಿಮಗೇ ಗೊತ್ತು. ನೀವು ಯಾವ ಇಂಟರ್‌ಫೇಸ್ ನಂಬಿಕೊಂಡು ಕೋಡ್ ಬರೆದಿರೋ ಅದನ್ನು ಹೊಸ ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ. ಡೇಟಾಬೇಸಿನ ಜೊತೆ ಮಾತಾಡುವ ರೀತಿಯೇ ಬೇರೆಯಾಗಿದೆ. ಹಳೆಯದಕ್ಕೆ ಇನ್ನು ಮುಂದೆ ರಿಪೇರಿ ಸಿಗುವುದಿಲ್ಲ.

ಮಹೇಶ್ ಸಾರ್ ಮೊನ್ನೆ ಕರೆದು, "ನೋಡು ಗುರು, ಹಳೇದ್ರಲ್ಲೇ ಇರೋಣ್ವಾ, ಹೊಸದಕ್ಕೆ ಹೋಗೋಣ್ವಾ, ನೀನೇ ಹೇಳ್ಬಿಡು. ನೀನು ಹೇಳಿದ್ದಕ್ಕೆ ನಾನು ಸೈನ್ ಹಾಕ್ತೀನಿ" ಅಂದರು. ಇದು ನಂಬಿಕೆಯೋ ತಲೆ ತಪ್ಪಿಸಿಕೊಳ್ಳುವ ಉಪಾಯವೋ ಗೊತ್ತಾಗಲಿಲ್ಲ.

ನನ್ನ ಮನಸ್ಸು ಹಳೆಯದರ ಕಡೆಗೇ ಇದೆ. ಬನಶಂಕರಿ, ಜಯನಗರ, ಬೊಮ್ಮನಹಳ್ಳಿ, ಮೂರೂ ಕಡೆ ಪ್ರತಿಯೊಬ್ಬ ರೋಗಿಯ ವಿವರದ ಪ್ರತಿ ಇರುತ್ತದೆ, ಒಂದು ಕಡೆ ಲೈನ್ ಹೋದರೂ ಉಳಿದೆರಡು ನಡೆಯುತ್ತವೆ. ಇಷ್ಟು ವರ್ಷದಲ್ಲಿ ಒಬ್ಬ ರೋಗಿಯ ವಿವರವೂ ಕಳೆದಿಲ್ಲ. ನಡೆಯುವುದನ್ನು ಯಾಕೆ ಮುಟ್ಟಬೇಕು? ಆದರೆ ನಿಮ್ಮ ಕೋಡ್ ಪೂರ್ತಿ ತಿಳಿದಿದೆ ಎಂದು ಎದೆ ಮುಟ್ಟಿಕೊಂಡು ಹೇಳಲಾರೆ. ಕೋಡನ್ನು ಹೊರಗೆ ಕಳಿಸುವ ಹಾಗಿಲ್ಲ, ಕಂಪನಿಯ ನಿಯಮ. ಫೋನಿನಲ್ಲಿ ಅರ್ಧ ಗಂಟೆ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಚನ್ನವೀರ

—

ಹನುಮಂತನಗರ
9 ಜೂನ್ 2024

ಪ್ರಿಯ ಚನ್ನವೀರ,

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂನ್ರಿ ಮೇಡಂ" ಅನ್ನುತ್ತೀಯ. ಅದನ್ನು ನಂಬಿಕೊಂಡು ನಾನು ಒಂದೇ ಕೆಲಸವನ್ನು ಎರಡೆರಡು ಸಲ ಮಾಡಿದ್ದೇನೆ. ಬರೆ. ಅದೂ ಕನ್ನಡದಲ್ಲಿ ಬರೆ. ಇಂಗ್ಲಿಷಿನಲ್ಲಿ ಬರೆದರೆ ಗೊತ್ತಿಲ್ಲದ್ದೂ ಗೊತ್ತಿದ್ದ ಹಾಗೆ ಕಾಣುತ್ತದೆ. ಕೋಡ್ ಕಳಿಸುವ ಹಾಗಿಲ್ಲ ಎಂಬುದು ಒಳ್ಳೆಯದೇ ಆಯಿತು, ಈಗ ನೀನು ಅರ್ಥ ಮಾಡಿಕೊಂಡು ಹೇಳಲೇಬೇಕು.

ನನ್ನ ಅಭಿಪ್ರಾಯ ಕೇಳಿದೆಯಲ್ಲ, ಹೇಳುತ್ತೇನೆ. ನನ್ನ ಕೋಡನ್ನು ಬಿಸಾಕು.

ಹಳೇ ಇಂಟರ್‌ಫೇಸ್ ಎಂದರೆ ನನ್ನ ಅಡುಗೆಮನೆ. ಸಾರಿನಪುಡಿ ಬಿಸ್ಕತ್ ಡಬ್ಬದಲ್ಲಿದೆ, ಮೆಂತ್ಯ ಹಾರ್ಲಿಕ್ಸ್ ಬಾಟಲಿಯಲ್ಲಿದೆ. "ಮೇಲಿನ ಸಾಲಿನ ಮೂರನೇ ಡಬ್ಬ ಕೊಡು" ಎಂದರೆ ಡೇಟಾಬೇಸ್ ಅದನ್ನು ತಕ್ಷಣ ಕೊಡುತ್ತದೆ, ಒಳಗೇನಿದೆ ಎಂದು ತಾನು ಕೇಳುವುದಿಲ್ಲ. ಕೇಳುವವರಿಗೆ ಗೊತ್ತಿರಬೇಕು. ನನಗೆ ಗೊತ್ತಿತ್ತು, ಹಾಗಾಗಿ ನಡೆಯಿತು. ಹೊಸದರಲ್ಲಿ ಪ್ರತಿ ಡಬ್ಬಕ್ಕೂ ಮೊದಲೇ ಹೆಸರು ಅಂಟಿಸಬೇಕು, ಇಂಥದ್ದೇ ಇಡುತ್ತೇನೆ ಎಂದು ಹೇಳಬೇಕು. ಶುರುವಿನಲ್ಲಿ ಕಿರಿಕಿರಿ. ಆಮೇಲೆ ಯಾರು ಬೇಕಾದರೂ ಬಂದು "ಸಾರಿನಪುಡಿ ಕೊಡು" ಎಂದು ಕೇಳಬಹುದು.

ನಾನು ಬರೆದದ್ದು ಎಂಬ ಸಂಕೋಚ ನಿನಗೆ ಬೇಡ. ನನಗೂ ಇಲ್ಲ. ಮನೆಯಲ್ಲಿ ಒಂದಿಷ್ಟು ಓಡಾಟ, ಅದಕ್ಕೇ ಚಿಕ್ಕದಾಗಿ ಮುಗಿಸುತ್ತಿದ್ದೇನೆ.

ಇಂತಿ,
ಸರಸ್ವತಿ

—

ಬಿಟಿಎಂ ಲೇಔಟ್
23 ಜೂನ್ 2024

ಮೇಡಂ ಅವರಿಗೆ ನಮಸ್ಕಾರ.

"ಬಿಸಾಕು" ಎಂದು ಎಷ್ಟು ಸಲೀಸಾಗಿ ಬರೆದಿರಿ. ನಾನು ಗದಗದಿಂದ ಬಂದು ಈ ಕೆಲಸಕ್ಕೆ ಸೇರಿದಾಗ ನೀವು ಕೈಗೆ ಕೊಟ್ಟದ್ದು ಅದೇ ಕೋಡ್. ನನ್ನ ಮಟ್ಟಿಗೆ ಅದೇ ಮಗ್ಗಿ ಪುಸ್ತಕ.

ನೀವು ಕಿರಿಕಿರಿ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಅಷ್ಟು ಸಣ್ಣದಲ್ಲ. ಹಳೆಯದರಲ್ಲಿ ಸೆಂಟರಿನವರು ತಮಗೆ ಬೇಕಾದ್ದನ್ನು ಬೇಕಾದ ಹಾಗೆ ಸೇರಿಸಿಕೊಂಡಿದ್ದಾರೆ. ಬೊಮ್ಮನಹಳ್ಳಿಯವರು ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಶಿಫ್ಟ್ ಯಾವುದು ಎಂದು ಬರೆಯುತ್ತಾರೆ. ಜಯನಗರದಲ್ಲಿ ಒಬ್ಬರು, ಈ ಅಜ್ಜನಿಗೆ ಕಿಟಕಿ ಪಕ್ಕದ ಮಂಚವೇ ಬೇಕು ಎಂದು ಬರೆದಿದ್ದಾರೆ. ಇದಕ್ಕೆಲ್ಲ ಮೊದಲೇ ಹೆಸರು ಅಂಟಿಸುವುದು ಹೇಗೆ? ಹೊಸದರಲ್ಲಿ ಮುಂಚೆ ಹೇಳಿರದ ಡಬ್ಬಕ್ಕೆ ಜಾಗವೇ ಇಲ್ಲ.

ನಿಜ ಹೇಳುತ್ತೇನೆ, ನನಗೆ ಭಯ ಇದೆ. ಇದು ಸಿನಿಮಾ ಟಿಕೆಟ್ ಬುಕ್ ಮಾಡುವ ಆ್ಯಪ್ ಆಗಿದ್ದರೆ ನಾಳೆಯೇ ಬದಲಾಯಿಸುತ್ತಿದ್ದೆ. ಇಲ್ಲಿ ನಾನು ಒಂದು ಕಡೆ ಎಡವಿದರೆ ಯಾರದೋ ರಕ್ತ ಕೆಡುತ್ತದೆ. ಹಳೆಯದರಲ್ಲೇ ಉಳಿದರೆ ಏನಾದರೂ ಆದಾಗ, ಮೊದಲಿನಿಂದಲೂ ಹೀಗೇ ಇತ್ತು ಎನ್ನಬಹುದು. ಬದಲಾಯಿಸಿದರೆ ಎಲ್ಲ ನನ್ನ ತಲೆ ಮೇಲೆ. ಇದು ಹೇಡಿತನ ಅನ್ನುತ್ತೀರೇನೋ, ಅನ್ನಿ.

ಇಂತಿ,
ಚನ್ನವೀರ

—

ಹನುಮಂತನಗರ
1 ಜುಲೈ 2024

ಪ್ರಿಯ ಚನ್ನವೀರ,

ಹೇಡಿತನ ಅನ್ನುವುದಿಲ್ಲ. ಭಯವಿಲ್ಲದವನ ಕೈಗೆ ನಾನೂ ಈ ಕೆಲಸ ಕೊಡುತ್ತಿರಲಿಲ್ಲ.

ಓಡಾಟ ಎಂದು ಬರೆದಿದ್ದೆನಲ್ಲ, ಅದೇನೆಂದು ಈಗ ಹೇಳುತ್ತೇನೆ. ಯುಗಾದಿ ಆದ ಮೇಲೆ ನಮ್ಮ ಮನೆಯವರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ಬನಶಂಕರಿ ಸೆಂಟರ್. ನಮ್ಮದೇ ಸೆಂಟರ್. ಮೊದಲ ತಿಂಗಳಲ್ಲೇ ಐರನ್ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಉಸಿರು ಸಿಕ್ಕಿಹಾಕಿಕೊಂಡಿತು. ಇನ್ನು ಇವರಿಗೆ ಅದನ್ನು ಕೊಡಲೇಬಾರದು ಅಂದರು ಡಾಕ್ಟರು. ನರ್ಸ್ ಮೈತ್ರಿ ಅದನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾಗ ನಾನು ಅವಳ ಹಿಂದೆಯೇ ನಿಂತಿದ್ದೆ. ಅವಳು ಒತ್ತಿದ ಬಟನ್ನಿನಿಂದ ಆ ಮಾತು ಎಲ್ಲೆಲ್ಲಿ ಹಾದು ಎಲ್ಲಿ ಹೋಗಿ ಕೂರುತ್ತದೆ ಎಂದು ನನಗೆ ಗೊತ್ತು. ಹೆಮ್ಮೆ ಆಗಬೇಕಿತ್ತು. ಹೆದರಿಕೆ ಆಯಿತು. ಇದನ್ನು ಈಗ ಓದಬಲ್ಲವರು ಇಡೀ ಊರಿನಲ್ಲಿ ನಾನು ಮತ್ತು ಚನ್ನವೀರ ಇಬ್ಬರೇ ಅಲ್ಲವಾ ಅನ್ನಿಸಿತು. ನಿನಗೆ ಡೆಂಗಿ ಬಂದು ಮಲಗಿದ್ದಾಗ ಸಣ್ಣದೊಂದು ತೊಂದರೆಗೆ ಮಹೇಶ ನನ್ನನ್ನು ಮಗಳ ಬಾಣಂತನದ ನಡುವೆ ಎಬ್ಬಿಸಿಕೊಂಡು ಹೋಗಿದ್ದ, ನೆನಪಿದೆಯಾ? ನನಗೀಗ ವಯಸ್ಸಾಯಿತು. ನಿನಗೂ ಡೆಂಗಿ ಒಂದೇ ಸಲ ಬರಬೇಕು ಎಂದೇನಿಲ್ಲ.

ಕಿಟಕಿ ಪಕ್ಕದ ಮಂಚ ಬೇಕೆನ್ನುವ ಅಜ್ಜನಿಗಾಗಿ "ಇತರೆ" ಎಂದು ಒಂದು ಡಬ್ಬ ಇಡು, ಅಷ್ಟೇ. ನಮ್ಮ ಮನೆಯವರ ಹೆಸರೂ ಅದೇ ಡೇಟಾಬೇಸಿನಲ್ಲಿದೆ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬದಲಾಯಿಸು.

ಇಂತಿ,
ಸರಸ್ವತಿ

—

ಬಿಟಿಎಂ ಲೇಔಟ್
22 ಸೆಪ್ಟೆಂಬರ್ 2024

ಮೇಡಂ,

ಆಯಿತು. ಸೆಂಟರ್‌ಗಳಿಗೆ ರಜೆ ಇದ್ದ ಭಾನುವಾರ ಬದಲಾಯಿಸಿದೆವು. ಸೋಮವಾರ ಬೆಳಿಗ್ಗೆ ನಾನೇ ಬೊಮ್ಮನಹಳ್ಳಿಯಲ್ಲಿ ಹೋಗಿ ನಿಂತೆ. ಯಾರಿಗೂ ಏನೂ ಬದಲಾಗಿದೆ ಎಂದೇ ಗೊತ್ತಾಗಲಿಲ್ಲ, ಅದಕ್ಕಿಂತ ಇನ್ನೇನು ಬೇಕು? ನಿಮ್ಮ ಫಾರಂಗಳನ್ನು ಮುಟ್ಟಿಲ್ಲ. ನರ್ಸ್‌ಗಳಿಗೆ ಕಾಣುವುದೆಲ್ಲ ಮೊದಲಿನ ಹಾಗೇ ಇದೆ, ಒಳಗೆ ಡೇಟಾಬೇಸಿನ ಜೊತೆ ಆಡುವ ಮಾತು ಮಾತ್ರ ಹೊಸದು.

ಮೊನ್ನೆ ಮೊದಲ ಸಲ, ಇಂಥ ಔಷಧಿ ಆಗದವರು ಮೂರೂ ಸೆಂಟರಿನಲ್ಲಿ ಎಷ್ಟು ಜನ ಎಂದು ಒಂದೇ ಸಾಲಿನಲ್ಲಿ ಕೇಳಿದೆ. ಉತ್ತರ ಬಂತು. ಹಳೆಯದರಲ್ಲಿ ಇದಕ್ಕೆ ಒಂದು ವಾರ ಕೂತು ಕೋಡ್ ಬರೆಯಬೇಕಿತ್ತು. ನೀವು ಹೇಳಿದ್ದೇ ಸರಿ. ಮನೆಯಲ್ಲಿ ಸಾರ್ ಆರೋಗ್ಯ ಹೇಗಿದೆ? ದಸರಾ ಕಳೆಯಲಿ, ಖಂಡಿತ ಬರುತ್ತೇನೆ.

ನಿಮ್ಮ,
ಚನ್ನವೀರ

—

ಜಯನಗರ, ಆಸ್ಪತ್ರೆಯಿಂದ
27 ಅಕ್ಟೋಬರ್ 2024

ಚನ್ನವೀರ,

ಬನಶಂಕರಿ ಸೆಂಟರಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟು ಹೋದವಾರ ಎಲ್ಲರನ್ನೂ ಜಯನಗರದ ಸೆಂಟರಿಗೆ ಕಳಿಸಿದರು. ಮೊದಲ ದಿನ ಅಲ್ಲಿನ ನರ್ಸ್ ಖಾಲಿ ಫಾರಂ ತೆರೆದು ಇವರ ತೂಕ, ಬಿಪಿ ತುಂಬಿಕೊಂಡಳು. ಎರಡನೇ ಸಲ ಹೋದಾಗ ರಕ್ತ ಕಡಿಮೆಯಿದೆ ಎಂದು ಐರನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಆ ದಿನ ನಾನು ಜೊತೆಗಿರಲಿಲ್ಲ, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ.

ಈಗ ಐಸಿಯುನಲ್ಲಿದ್ದಾರೆ. ಆಕ್ಸಿಜನ್ ಹಾಕಿದ್ದಾರೆ.

ಆಗದ ಔಷಧಿ ಎಂಬ ಜಾಗ ಸ್ಕ್ರೀನಿನಲ್ಲಿ ಖಾಲಿ ಇದೆ. ನಾನೇ ನೋಡಿದೆ. ಮೈತ್ರಿ ಬರೆದದ್ದು ಎಲ್ಲಿ ಹೋಯಿತು? ಇನ್ನೂ ಯಾರ್ಯಾರದು ಹೀಗೆ ಹೋಗಿದೆ? ಬೇರೆ ಕೆಲಸ ಬಿಟ್ಟು ಮೊದಲು ಅದನ್ನು ಹುಡುಕು.

ಸರಸ್ವತಿ

—

ಜೆ.ಪಿ. ನಗರ, ಆಫೀಸಿನಿಂದ
29 ಅಕ್ಟೋಬರ್ 2024

ಮೇಡಂ,

ಎರಡು ದಿನದಿಂದ ಆಸ್ಪತ್ರೆಯ ಗೇಟಿನ ತನಕ ಬಂದು ವಾಪಸ್ ಹೋಗುತ್ತಿದ್ದೇನೆ. ಒಳಗೆ ಬರುವ ಧೈರ್ಯವಾಗಲಿಲ್ಲ. ಸಾರ್‌ಗೆ ಆಕ್ಸಿಜನ್ ತೆಗೆದಿದ್ದಾರೆ ಎಂದು ಮೈತ್ರಿಯವರಿಂದ ತಿಳಿಯಿತು.

ತಪ್ಪು ನನ್ನದು. ಹೇಗಾಯಿತು ಎಂದು ನೀವು ಹೇಳಿದ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ.

ನರ್ಸ್ ಫಾರಂನಲ್ಲಿ ಏನನ್ನು ತುಂಬುತ್ತಿದ್ದರೋ ಅದನ್ನು ಮಾತ್ರ ನಿಮ್ಮ ಕೋಡ್ ಡೇಟಾಬೇಸಿಗೆ ಕಳಿಸುತ್ತಿತ್ತು. ಬಿಟ್ಟ ಸ್ಥಳವನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಲಿ ಮೊದಲೇ ಬೇರೆ ಯಾರೋ ಬರೆದಿದ್ದರೆ ಅದು ಹಾಗೇ ಉಳಿಯುತ್ತಿತ್ತು. ನಾನು ಹೊಸದರಲ್ಲಿ ಇಡೀ ಫಾರಂ ಅನ್ನು ಒಟ್ಟಿಗೆ ಕಳಿಸಿದೆ, ಖಾಲಿ ಜಾಗಗಳನ್ನೂ ಸೇರಿಸಿ. ಹೊಸ ಇಂಟರ್‌ಫೇಸಿನಲ್ಲಿ ಖಾಲಿಯನ್ನು ಕಳಿಸಿದರೆ, ಅಲ್ಲಿರುವುದನ್ನು ಅಳಿಸು ಎಂದು ಹೇಳಿದ ಹಾಗೆ. ರೋಗಿಯ ಸ್ವಂತ ಸೆಂಟರಿನಲ್ಲಿ ಹಿಂದೆ ಬರೆದದ್ದೆಲ್ಲ ತುಂಬಿಕೊಂಡೇ ಫಾರಂ ತೆರೆಯುತ್ತದೆ, ಬೇರೆ ಸೆಂಟರಿಗೆ ಹೋದರೆ ಖಾಲಿ ತೆರೆಯುತ್ತದೆ. ಜಯನಗರದ ನರ್ಸ್ ಅದರಲ್ಲಿ ತೂಕ, ಬಿಪಿ ತುಂಬಿ ಬಟನ್ ಒತ್ತಿದ್ದಾರೆ, ಅಷ್ಟೇ. ಬನಶಂಕರಿಯ ಮಾತು ಮೂರೂ ಕಡೆ ಅಳಿಸಿಹೋಗಿದೆ.

ಟೆಸ್ಟ್ ಮಾಡಿರಲಿಲ್ಲವಾ ಎಂದು ಕೇಳುತ್ತೀರಿ. ಮಾಡಿದ್ದೆ. ಟೆಸ್ಟಿನ ಫಾರಂಗಳನ್ನೆಲ್ಲ ನಾನೇ ತುಂಬಿದ್ದೆ, ಪರೀಕ್ಷೆ ಬರೆಯುವ ಹುಡುಗನ ಹಾಗೆ ಒಂದು ಜಾಗವನ್ನೂ ಬಿಡದೆ. ಎದುರಿಗೆ ಆರು ಜನ ರೋಗಿಗಳಿರುವ ನರ್ಸ್ ಯಾರೂ ಹಾಗೆ ತುಂಬುವುದಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಒಂದು ಸೆಂಟರಿನಿಂದ ಇನ್ನೊಂದಕ್ಕೆ ಹೋದ ಇನ್ನೂ ಕೆಲವರದು ಹೀಗೇ ಅಳಿಸಿತ್ತು. ಬದಲಾಯಿಸುವ ಮುಂಚೆ ತೆಗೆದಿಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ವಾಪಸ್ ಹಾಕಿದ್ದೇವೆ. ಆಮೇಲಿನದಕ್ಕೆ ಸೆಂಟರಿನವರು ಒಬ್ಬೊಬ್ಬ ರೋಗಿಗೂ ಫೋನ್ ಮಾಡಿ ಕೇಳುತ್ತಿದ್ದಾರೆ. ಬೇರೆ ಯಾರಿಗೂ ಅಪಾಯವಾಗಿಲ್ಲ.

ಮಹೇಶ್ ಸಾರ್, "ಊರೆಲ್ಲಾ ಸುತ್ತಿದ್ರೂ ಹಳೇ ಗಂಡನ ಪಾದವೇ ಗತಿ. ವಾಪಸ್ ಹೋಗೋಣ, ನೀನು ಬರೆದು ಕೊಡು" ಅಂದಿದ್ದಾರೆ. ಮುಂದಿನ ವಾರ ಬರೆದು ಕೊಡುತ್ತೇನೆ. ಜೊತೆಗೆ ನನ್ನ ರಾಜೀನಾಮೆಯನ್ನೂ. ಕ್ಷಮಿಸಿ ಎಂದು ಕೇಳಲು ಬಾಯಿ ಬರುತ್ತಿಲ್ಲ.

ಚನ್ನವೀರ

—

ಹನುಮಂತನಗರ
4 ನವೆಂಬರ್ 2024

ಚನ್ನವೀರ,

ಇವರು ಶನಿವಾರ ಮನೆಗೆ ಬಂದರು. ಸುಸ್ತಾಗಿದ್ದಾರೆ, ಆದರೆ ಕಾಫಿಗೆ ಸಕ್ಕರೆ ಕಡಿಮೆ ಎಂದು ಜಗಳ ತೆಗೆದರು, ಅಂದರೆ ಬದುಕಿದ್ದಾರೆ.

ನಿನ್ನ ಮೇಲೆ ಸಿಟ್ಟಿದೆ. ಇನ್ನೂ ಸ್ವಲ್ಪ ದಿನ ಇರುತ್ತದೆ, ಅದನ್ನು ಸಕ್ಕರೆ ಹಾಕಿ ಹೇಳಲಾರೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನಿನ್ನ ಹೆಸರು ಹಿಡಿದು ಶಾಪ ಹಾಕಿದ್ದೇನೆ. ನನ್ನ ಮೇಲೂ ಸಿಟ್ಟಿದೆ. ಖಾಲಿಯನ್ನು ಕಳಿಸಬಾರದು ಎಂದು ನಾನು ಎಲ್ಲಿಯೂ ಬರೆದಿಡಲಿಲ್ಲ. ನಿನಗೆ ಪಾಠ ಹೇಳುವಾಗಲೂ ಹೇಳಲಿಲ್ಲ. ಒಗ್ಗರಣೆಗೆ ಮೊದಲು ಎಣ್ಣೆ ಕಾಯಬೇಕು ಎಂದು ಯಾರು ಬರೆದಿಡುತ್ತಾರೆ? ಅದು ಕೈಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಜಯನಗರದ ಡಾಕ್ಟರು ಬರೀ ಸ್ಕ್ರೀನ್ ನೋಡಿ ಇಂಜೆಕ್ಷನ್ ಬರೆದಿರಲಿಲ್ಲ. "ಅಂಕಲ್, ಯಾವ್ದಾದ್ರೂ ಇಂಜೆಕ್ಷನ್ ನಿಮ್ಗೆ ಆಗಲ್ವಾ?" ಎಂದು ಬಾಯಿಬಿಟ್ಟು ಕೇಳಿದ್ದಾರೆ. ಇವರು, "ಅಂಥದ್ದೇನಿಲ್ಲ ಡಾಕ್ಟ್ರೇ" ಅಂದಿದ್ದಾರೆ. ಕಾಲೇಜಿನಲ್ಲಿ ಜೀವನವಿಡೀ ಕೆಮಿಸ್ಟ್ರಿ ಕಲಿಸಿದ ಮನುಷ್ಯ.

ಮನೆಗೆ ಬಂದ ಮೇಲೆ ಕೇಳಿದೆ, "ಯಾಕ್ರೀ ಹಾಗಂದ್ರಿ?"

"ನಂಗೇನು ಗೊತ್ತು? ಅದೆಲ್ಲ ನೀನಲ್ವಾ ನೋಡ್ಕೊಳ್ಳೋದು" ಅಂದರು. ತಮಾಷೆ ಮಾಡಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ಅವರನ್ನು ಬೈಯಲು ಹೊರಟವಳಿಗೆ ಹೊಳೆಯಿತು. ಹಾಗೆ ಮಾಡಿಟ್ಟವಳು ನಾನೇ. ಯಾರು ಏನು ಕೇಳಿದರೂ ಇವರು ನನ್ನ ಮುಖ ನೋಡುತ್ತಾರೆ, ನಾನು ಉತ್ತರ ಕೊಡುತ್ತೇನೆ. ಮಾತ್ರೆ ನಾನು ಕೈಗೆ ಹಾಕುತ್ತೇನೆ, ಇವರು ಹೆಸರೂ ಕೇಳದೆ ನುಂಗುತ್ತಾರೆ. ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡಿದ್ದೆ. ನಾನು ಪಕ್ಕದಲ್ಲಿದ್ದಷ್ಟು ದಿನ ಒಂದು ತಪ್ಪೂ ಆಗಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದ ದಿನ ಆಯಿತು.

ನನ್ನ ಹಳೇ ಕೋಡೂ ಚೆನ್ನಾಗಿದ್ದದ್ದು ಹೀಗೇ. ಗೊತ್ತಿದ್ದವರೊಬ್ಬರು ಪಕ್ಕದಲ್ಲಿ ನಿಂತಿದ್ದರು, ಅದಕ್ಕೆ.

ಹಿಂದಕ್ಕೆ ಹೋಗಬೇಡ. ಗಾದೆ ಹೇಳುವ ಮಹೇಶನಿಗೆ ಹೇಳು, ಹಳೇ ಗಂಡನಿಗೂ ವಯಸ್ಸಾಗುತ್ತದೆ, ಅವನೂ ಒಂದು ದಿನ ಇರುವುದಿಲ್ಲ. ತಪ್ಪು ಹೊಸದರಲ್ಲಿ ಆಯಿತು, ನಿಜ. ಆದರೆ ಇನ್ನೂ ಯಾರ್ಯಾರದು ಅಳಿಸಿದೆ ಎಂದು ಎರಡೇ ದಿನದಲ್ಲಿ ಕಂಡುಹಿಡಿದೆಯಲ್ಲ, ಅದೂ ಹೊಸದನ್ನು ಕೇಳಿಯೇ. ಆ ರೋಗಿಯ ಹೆಂಡತಿಯೇ ಹೀಗೆ ಹೇಳುತ್ತಿದ್ದಾಳೆ ಎಂದು ಬರೆದು ಕೊಡು.

ರಾಜೀನಾಮೆಯ ಮಾತು ಎತ್ತಿದ್ದೀಯ. ಖಾಲಿ ಏನು ಮಾಡುತ್ತದೆ ಎಂದು ಈಗ ಆ ಆಫೀಸಿನಲ್ಲಿ ಮೈಗೆ ತಾಗಿಸಿಕೊಂಡು ಕಲಿತವನು ನೀನೊಬ್ಬನೇ. ನೀನು ಹೋದರೆ ಅದೂ ನಿನ್ನ ಜೊತೆಗೆ ಹೋಗುತ್ತದೆ. ಹೋಗಬೇಕು ಅನ್ನಿಸಿದರೆ, ಇನ್ನೊಬ್ಬರಿಗೆ ಕಲಿಸಿ ಆಮೇಲೆ ಹೋಗು.

ಸರಸ್ವತಿ

—

ಬಿಟಿಎಂ ಲೇಔಟ್
24 ನವೆಂಬರ್ 2024

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಬಹಳ ಸಲ ಓದಿದೆ. ಶಾಪದ ಮಾತು ಬಂದಲ್ಲಿ ಪ್ರತಿ ಸಲವೂ ನಿಂತೆ.

ಹಿಂದಕ್ಕೆ ಹೋಗುತ್ತಿಲ್ಲ. ಮಹೇಶ್ ಸಾರ್ ಮೊದಲು ಒಪ್ಪಲಿಲ್ಲ. ನಿಮ್ಮ ಮಾತನ್ನು ಹೇಳಿದ ಮೇಲೆ, "ಅವ್ರೇ ಹಂಗಂದ್ರಾ?" ಅಂದರು. ಆಮೇಲೆ ಸೈನ್ ಹಾಕಿದರು.

ಬಿಟ್ಟ ಸ್ಥಳವನ್ನು ಈಗ ಕೋಡ್ ಕಳಿಸುವುದೇ ಇಲ್ಲ. ಅಷ್ಟಕ್ಕೇ ನಿಲ್ಲಿಸಿಲ್ಲ. ಆಗದ ಔಷಧಿ ಎಂಬ ಜಾಗವನ್ನು ಬಿಡುವ ಹಾಗೇ ಇಲ್ಲ. ಇದೆ, ಇಲ್ಲ, ಇನ್ನೂ ಕೇಳಿಲ್ಲ, ಮೂರರಲ್ಲಿ ಒಂದನ್ನು ಒತ್ತದೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಪ್ರತಿ ಸಲವೂ ರೋಗಿಯನ್ನೇ ಕೇಳಬೇಕು. ಒಮ್ಮೆ "ಇದೆ" ಎಂದು ಬರೆದದ್ದನ್ನು ಡಾಕ್ಟರ ಹೊರತು ಯಾರೂ ತೆಗೆಯಲಾರರು. ಕೆಲಸ ಹೆಚ್ಚಾಯಿತು ಎಂದು ನರ್ಸ್‌ಗಳು ನನ್ನನ್ನು ಬೈಯುತ್ತಿದ್ದಾರೆ. ಬೈಯಲಿ. ಟೆಸ್ಟಿನ ಫಾರಂಗಳನ್ನು ಈಗ ನಾನು ತುಂಬುವುದಿಲ್ಲ, ಮೈತ್ರಿಯವರು ತಮ್ಮ ಗಡಿಬಿಡಿಯಲ್ಲೇ ತುಂಬಿಕೊಡುತ್ತಾರೆ.

ಹೊಸಬನೊಬ್ಬ ಸೇರಿದ್ದಾನೆ, ಮನೋಜ್ ಎಂದು. ಅವನಿಗೆ ಈ ಕಥೆಯನ್ನು ನನ್ನ ತಪ್ಪಿನ ಸಮೇತ ಹೇಳಿದ್ದೇನೆ. ಅರ್ಥವಾಯಿತಾ ಎಂದರೆ "ಹೂಂ ಸಾರ್" ಅಂದ. ಬರೆದು ತೋರಿಸು ಎಂದಿದ್ದೇನೆ.

ಒಂದು ಬೇಡಿಕೆ ಇದೆ. ಸಾರ್ ಅವರನ್ನು ನೋಡಿ, ನನ್ನಿಂದಲೇ ಹೀಗಾಯಿತು ಎಂದು ಅವರ ಎದುರಿಗೆ ಹೇಳಬೇಕು. ಅವರು ಏನನ್ನುತ್ತಾರೆ? ಬರಬಹುದೇ?

ಇಂತಿ,
ಚನ್ನವೀರ

—

ಹನುಮಂತನಗರ
2 ಡಿಸೆಂಬರ್ 2024

ಪ್ರಿಯ ಚನ್ನವೀರ,

ಬರುವ ಭಾನುವಾರ ಊಟಕ್ಕೇ ಬಾ. ಇವರು ಏನನ್ನುತ್ತಾರೆ ಎಂದು ನನ್ನನ್ನು ಕೇಳಿದ್ದೀಯ. ನನಗೆ ಗೊತ್ತಿಲ್ಲ, ಅವರನ್ನೇ ಕೇಳು. ಬೈದರೂ ಬೈಯಬಹುದು, ನಾನು ನಡುವೆ ಬಾಯಿ ಹಾಕುವುದಿಲ್ಲ.

ಇವತ್ತು ಬನಶಂಕರಿಯಲ್ಲಿ ನಿನ್ನ ಹೊಸ ಫಾರಂ ನೋಡಿದೆ. ನೋಡಿದೆ ಎಂದರೆ ದೂರದಿಂದ. ಮಷೀನ್ ಇರುವ ಕೋಣೆಯೊಳಗೆ ಮನೆಯವರನ್ನು ಬಿಡುವುದಿಲ್ಲ, ಆದರೆ ನಾನು ಇಷ್ಟು ದಿನವೂ ಮೈತ್ರಿಯನ್ನು ಕಾಡಿ ಬೇಡಿ ಒಳಗೆ ಹೋಗಿ ಮಂಚದ ಪಕ್ಕ ನಿಲ್ಲುತ್ತಿದ್ದೆ. ಇವತ್ತು ಹೋಗಲಿಲ್ಲ. ಗಾಜಿನ ಬಾಗಿಲಿನ ಈಚೆ ನಿಂತೆ.

ಮೈತ್ರಿ ಇವರ ಕಡೆ ಬಗ್ಗಿ ಏನೋ ಕೇಳಿದಳು. ಇವರು ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ಬಾಗಿಲು ತಳ್ಳಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತೆ. ಮೈತ್ರಿ ಕಾದಳು, ನಿನ್ನ ಫಾರಂ ಅವಳನ್ನು ಮುಂದಕ್ಕೆ ಬಿಡುವುದಿಲ್ಲವಲ್ಲ. ಇವರು ಇನ್ನೊಂದು ಸಲ ನನ್ನ ಕಡೆ ನೋಡಿದರು. ಸಿಟ್ಟು ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅವಳ ಕಡೆ ತಿರುಗಿ ಏನೋ ಹೇಳಿದರು. ನಾಲ್ಕೈದು ಮಾತಿರಬೇಕು. ಅವಳು ತಲೆಯಾಡಿಸಿ ಟೈಪ್ ಮಾಡಿದಳು.

ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಒಳಗೆ ಹೋಗಿ ಸ್ಕ್ರೀನ್ ನೋಡಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಮೆಟ್ಟಿಲಿಳಿದು ಎದುರಿಗಿರುವ ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡಿದೆ. ಇಷ್ಟು ತಿಂಗಳಿಂದ ಅಲ್ಲಿಗೆ ಹೋಗಿ ಬರುತ್ತಿದ್ದೇನೆ, ಎದುರಿಗೆ ಹೋಟೆಲಿದೆ ಎಂದು ನೋಡಿದ್ದು ಇವತ್ತೇ.

ಇಂತಿ,
ಸರಸ್ವತಿ